ಲ್ಯಾಪ್‌ಟಾಪ್‌ನಲ್ಲಿ ಕಂಡ ಲಾಗ್ ಸರ್ವರ್‌ನಲ್ಲಿ ಎಲ್ಲಿ ಹೋಯಿತು?

ಪ್ರಶ್ನೆ: ಗೋಣಿಕೊಪ್ಪದ ಹತ್ತಿರ ನಮ್ಮದು ನಾಲ್ಕು ರೂಮಿನ ಹೋಮ್‌ಸ್ಟೇ. ಬುಕಿಂಗ್‌ಗೆ ಪೈಥಾನ್, ಅದರ ವೆಬ್ ಫ್ರೇಮ್‌ವರ್ಕ್ ಫ್ಲಾಸ್ಕ್‌ನಲ್ಲಿ ನಾನೇ ವೆಬ್‌ಸೈಟ್ ಮಾಡಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ಮೆಸೇಜ್ ಎಲ್ಲ ಕಾಣುತ್ತವೆ, ಸರ್ವರ್‌ನಲ್ಲಿ ಲಾಗ್ ಫೈಲ್ (ಆ್ಯಪ್ ಏನೇನು ಮಾಡಿತು ಅಂತ ಬರೆದಿಡುವ ಫೈಲ್) ಖಾಲಿ. ಹೋದ ಶನಿವಾರ ರಾತ್ರಿ ಒಬ್ಬರು ದುಡ್ಡು ಕಟ್ಟಿದ್ದಾರೆ, ಬುಕಿಂಗ್ ಆಗಿಲ್ಲ. ಮಳೆಯಲ್ಲಿ ನೆನೆದುಕೊಂಡು ಬಾಗಿಲಿಗೆ ಬಂದು ನಿಂತಾಗ ಏನು ಹೇಳಬೇಕೋ ತಿಳಿಯಲಿಲ್ಲ. ಏನು ಮಾಡಲಿ?

ಉತ್ತರ: ಲ್ಯಾಪ್‌ಟಾಪ್‌ನಲ್ಲಿ ನೀವು ಡೀಬಗ್ ಮೋಡ್‌ನಲ್ಲಿ ಓಡಿಸುತ್ತಿದ್ದೀರಿ, ಅಲ್ವಾ? ಅಲ್ಲಿ ಫ್ಲಾಸ್ಕ್ ಎಲ್ಲವನ್ನೂ ತೋರಿಸುತ್ತದೆ. ಸರ್ವರ್‌ನಲ್ಲಿ ಆ ಮೋಡ್ ಇಲ್ಲ, ಆಗ ಪೈಥಾನ್‌ನ ಮಾಮೂಲಿ ಮಟ್ಟ (ಮೆಸೇಜ್ ಎಷ್ಟು ಗಂಭೀರ ಇದ್ದರೆ ಬರೆಯಬೇಕು ಅನ್ನೋ ಗೆರೆ) ವಾರ್ನಿಂಗ್. ಅದಕ್ಕಿಂತ ಕೆಳಗಿನ ಇನ್ಫೋ, ಡೀಬಗ್ ಮೆಸೇಜ್‌ಗಳು ಫೈಲ್‌ವರೆಗೆ ಬರುವುದೇ ಇಲ್ಲ. ಜಾಸ್ತಿ ಜನ ಹ್ಯಾಂಡ್ಲರ್‌ಗೆ (ಮೆಸೇಜನ್ನು ಫೈಲ್‌ಗೆ ಬರೆಯುವ ಭಾಗ) ಇನ್ಫೋ ಅಂತ ಹಾಕಿ ಮುಗಿಯಿತು ಅಂದುಕೊಳ್ಳುತ್ತಾರೆ. ಸಾಲದು. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೀಜ ಒಂದರ ಕೆಳಗೊಂದು ಜರಡಿ ದಾಟುವ ಹಾಗೆ ಇಲ್ಲೂ ಎರಡು ಜರಡಿ ಇವೆ: ಮೊದಲು ಕೋಡ್‌ನಿಂದ ಮೆಸೇಜ್ ತೆಗೆದುಕೊಳ್ಳುವ ಲಾಗರ್, ಆಮೇಲೆ ಹ್ಯಾಂಡ್ಲರ್. ಎರಡಕ್ಕೂ ಇನ್ಫೋ ಹಾಕಿ.

ಆದರೆ ನಿಮ್ಮ ಫೈಲ್ ಪೂರ್ತಿ ಖಾಲಿ ಅನ್ನೋದು ನನಗೆ ಬೇರೆ ಏನೋ ಹೇಳುತ್ತಿದೆ. ಕೋಡ್‌ನಲ್ಲಿ ಯಾರೂ ಹಿಡಿಯದ ತಪ್ಪು ಆದರೆ ಫ್ಲಾಸ್ಕ್ ತಾನಾಗಿಯೇ ಎರರ್ ಮಟ್ಟದಲ್ಲಿ ಬರೆಯುತ್ತದೆ. ಅದೂ ಇಲ್ಲ ಅಂದರೆ ಒಂದೋ ನೀವು ನೋಡುತ್ತಿರುವ ಫೈಲೇ ಬೇರೆ, ಇಲ್ಲವೇ ಪೇಮೆಂಟ್ ಕೋಡ್‌ನಲ್ಲಿ ಟ್ರೈ-ಎಕ್ಸೆಪ್ಟ್ ಹಾಕಿ ಒಳಗೆ ಸುಮ್ನೆ ಪಾಸ್ (ತಪ್ಪಾದರೂ ಏನೂ ಮಾಡದೆ ಮುಂದೆ ಹೋಗು) ಅಂತ ಬರೆದಿದ್ದೀರಿ. ಮೊದಲನೆಯದಕ್ಕೆ, ಫೈಲ್ ಹೆಸರು ಮಾತ್ರ ಕೊಡಬೇಡಿ, ಸ್ಲ್ಯಾಷ್‌ನಿಂದ ಶುರುವಾಗುವ ಪೂರ್ತಿ ದಾರಿ ಕೊಡಿ. ಬರೀ ಹೆಸರು ಕೊಟ್ಟರೆ ಪ್ರೋಗ್ರಾಂ ಎಲ್ಲಿಂದ ಶುರುವಾಯಿತೋ ಅಲ್ಲಿ ಫೈಲ್ ಹುಟ್ಟುತ್ತದೆ. ಎರಡನೆಯದಕ್ಕೆ, ಪಾಸ್ ತೆಗೆದು ಲಾಗರ್‌ನ ಎಕ್ಸೆಪ್ಷನ್ ಅನ್ನೋ ಫಂಕ್ಷನ್ ಕರೆಯಿರಿ, ಯಾವ ಸಾಲಿನಲ್ಲಿ ತಪ್ಪಾಯಿತು ಅನ್ನೋದೂ ಬರುತ್ತದೆ. ಮತ್ತೆ ಆ ಫೋಲ್ಡರ್ ಆ್ಯಪ್ ಓಡಿಸುವ ಯೂಸರ್‌ನ ಹೆಸರಲ್ಲಿರಲಿ. ರೂಟ್ (ಸರ್ವರ್‌ನ ಅಡ್ಮಿನ್) ಆಗಿ ಒಮ್ಮೆ ಓಡಿಸಿ ಫೈಲ್ ಹುಟ್ಟಿಸಿಬಿಟ್ಟರೆ ಮುಂದೆ ಪರ್ಮಿಷನ್ ಇಲ್ಲ ಅಂತ ಆ್ಯಪ್ ಏಳುವುದೇ ಇಲ್ಲ.

ಏನು ಬರೆಯಬೇಕು? ನಮ್ಮ ಕಡೆ ತೋಟದವರು ಬೆಳಿಗ್ಗೆ ಎದ್ದು ರೈನ್ ಗೇಜ್ ನೋಡಿ, ಹಿಂದಿನ ದಿನದ ಮಳೆ ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರನೇ ಭಾಗ) ಅಂತ ಪುಸ್ತಕದಲ್ಲಿ ಬರೆದಿಡುತ್ತಾರೆ. "ಜೋರು ಮಳೆ" ಅಂತ ಯಾರೂ ಬರೆಯುವುದಿಲ್ಲ. ಲಾಗ್ ಕೂಡ ಹಾಗೇ ಇರಬೇಕು. "ಏನೋ ತಪ್ಪಾಯಿತು" ಅಂದರೆ ಆರು ತಿಂಗಳ ಮೇಲೆ ಯಾರಿಗೂ ಉಪಯೋಗವಿಲ್ಲ. ಇದು ನೋಡಿ:

2025-07-19 21:15:42 ಎರರ್ ಬುಕಿಂಗ್ 1187: ಹಣ ಬಂದಿದೆ, ರೂಮ್ 3 ಉಳಿಸಲು ಆಗಲಿಲ್ಲ

ಇದನ್ನು ಓದಿದವರಿಗೆ ಯಾರಿಗೆ ಫೋನ್ ಮಾಡಬೇಕು ಅನ್ನೋದು ಆ ಕ್ಷಣವೇ ಗೊತ್ತಾಗುತ್ತದೆ. ಮೆಸೇಜ್ ಕನ್ನಡದಲ್ಲಿದ್ದರೆ ಫೈಲ್‌ನ ಎನ್‌ಕೋಡಿಂಗ್ ಯುಟಿಎಫ್-8 ಅಂತ ಹೇಳಿಬಿಡಿ. ಸಮಯವನ್ನೂ ನೋಡಿಕೊಳ್ಳಿ, ಮೇಲಿನ ಸಾಲಿನಲ್ಲಿರುವುದು ನಮ್ಮ ಸಮಯ. ಬಾಡಿಗೆ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿಯಲ್ಲಿ ಇರುತ್ತವೆ, ಅಂದರೆ ನಮಗಿಂತ 5 ಗಂಟೆ 30 ನಿಮಿಷ ಹಿಂದೆ. ಅತಿಥಿ ರಾತ್ರಿ 9:15 ಅಂದರೆ ಲಾಗ್‌ನಲ್ಲಿ 15:45 ಇರುತ್ತದೆ, ಹುಡುಕಿ ಹುಡುಕಿ ಸುಸ್ತಾಗುತ್ತೀರಿ. ಪಾಸ್‌ವರ್ಡ್, ಒಟಿಪಿ, ಕಾರ್ಡ್ ನಂಬರ್, ಆಧಾರ್ ನಂಬರ್ ಮಾತ್ರ ಯಾವ ಕಾರಣಕ್ಕೂ ಲಾಗ್‌ಗೆ ಹೋಗಬಾರದು. ಲಾಗ್ ಫೋಲ್ಡರ್ ಸ್ಟ್ಯಾಟಿಕ್ ಫೋಲ್ಡರ್ ಒಳಗೂ ಬೇಡ, ಬ್ರೌಸರ್‌ನಲ್ಲಿ ಯಾರು ಬೇಕಾದರೂ ತೆರೆದು ಓದಬಹುದು.

ಇನ್ನೊಂದು, ಫೈಲ್ ಬೆಳೆಯುತ್ತಲೇ ಹೋಗುತ್ತದೆ. ಮಡಿಕೇರಿಯ ಒಂದು ಕಡೆ ನಾನು ನೋಡಿಕೊಳ್ಳುತ್ತಿದ್ದ ಸಣ್ಣ ಸರ್ವರ್‌ನಲ್ಲಿ ಡೀಬಗ್ ಹಾಗೇ ಆನ್ ಇತ್ತು. ಡಿಸ್ಕ್ ತುಂಬಿ ಡೇಟಾಬೇಸ್ ಬರೆಯುವುದನ್ನೇ ನಿಲ್ಲಿಸಿತು. ಹೊರಗೆ ಜುಲೈ ಮಳೆ, ಲೈನ್ ಮೇಲೆ ಮರ ಬಿದ್ದು ಕರೆಂಟಿಲ್ಲ, ಮೊಬೈಲ್ ಬೆಳಕಲ್ಲಿ ಕೂತು ಹಳೇ ಲಾಗ್ ಅಳಿಸಿದೆವು. ಆ್ಯಪ್ ಒಂದೇ ಪ್ರೋಸೆಸ್ ಆಗಿ ಓಡುತ್ತಿದ್ದರೆ ಪೈಥಾನ್‌ನ ರೊಟೇಟಿಂಗ್ ಫೈಲ್ ಹ್ಯಾಂಡ್ಲರ್ ಸಾಕು. 5 ಎಂಬಿ ಆದಾಗ ಹೊಸ ಫೈಲ್, ಹಳೇದು 10 ಉಳಿಸು ಅಂತ ಕೊಡಿ. ಗಾತ್ರ, ಸಂಖ್ಯೆ ಎರಡರಲ್ಲಿ ಒಂದು ಸೊನ್ನೆ ಇದ್ದರೂ ಫೈಲ್ ಬದಲಾಗುವುದೇ ಇಲ್ಲ, ನೆನಪಿರಲಿ. ಆದರೆ ಗುನಿಕಾರ್ನ್‌ನಲ್ಲಿ (ಸರ್ವರ್‌ನಲ್ಲಿ ಆ್ಯಪ್ ಓಡಿಸುವ ಪ್ರೋಗ್ರಾಂ) ಮೂರ್ನಾಲ್ಕು ವರ್ಕರ್, ಅಂದರೆ ಮೂರ್ನಾಲ್ಕು ಪ್ರೋಸೆಸ್ ಇದ್ದರೆ ಇದು ಬೇಡ. ಒಂದು ವರ್ಕರ್ ಫೈಲ್ ಹೆಸರು ಬದಲಿಸಿದಾಗ ಉಳಿದವು ಹಳೇ ಫೈಲ್‌ಗೇ ಬರೆಯುತ್ತಾ ಇರುತ್ತವೆ, ಸಾಲುಗಳು ಕಳೆದೂ ಹೋಗುತ್ತವೆ. ಆಗ ಫೈಲ್ ಬದಲಾದದ್ದನ್ನು ಗಮನಿಸಿ ಹೊಸದನ್ನು ತೆರೆಯುವ ವಾಚ್ಡ್ ಫೈಲ್ ಹ್ಯಾಂಡ್ಲರ್ ಹಾಕಿ, ಫೈಲ್ ಬದಲಿಸುವ ಕೆಲಸವನ್ನು ಲಿನಕ್ಸ್‌ನ ಲಾಗ್‌ರೊಟೇಟ್‌ಗೆ ಬಿಡಿ.

ಇನ್ನು ಆ ಶನಿವಾರದ ವಿಷಯ. ನಿಮ್ಮ ಆ್ಯಪ್ ಬರೆಯದೇ ಇದ್ದದ್ದು ಈಗ ಸಿಗುವುದಿಲ್ಲ. ಆದರೆ ಆ್ಯಪ್‌ನ ಎದುರಿಗೆ ಎಂಜಿನ್‌ಎಕ್ಸ್ (nginx) ಅನ್ನೋ ವೆಬ್ ಸರ್ವರ್ ಇದ್ದರೆ ಅದರ ಆ್ಯಕ್ಸೆಸ್ ಲಾಗ್‌ನಲ್ಲಿ ಆ ಹೊತ್ತಿಗೆ ಬಂದ ಪೇಮೆಂಟ್ ಕರೆ, ಅದಕ್ಕೆ ಹೋದ 200 (ಸರಿಯಾಯಿತು) ಅಥವಾ 500 (ಸರ್ವರ್‌ನಲ್ಲಿ ತಪ್ಪಾಯಿತು) ಉತ್ತರ ಇರುತ್ತದೆ. ಉಬುಂಟುವಿನಲ್ಲಿ ಆ ಲಾಗ್ ಸಾಮಾನ್ಯವಾಗಿ 14 ದಿನದ್ದು ಮಾತ್ರ ಉಳಿಯುತ್ತದೆ. ಇವತ್ತೇ ಒಂದು ಕಾಪಿ ತೆಗೆದಿಟ್ಟುಕೊಳ್ಳಿ.