ಸಂಪಾದಕರ ಉತ್ತರ: ಎರಡೇ ದಿನಕ್ಕೆ ಮುಚ್ಚಿದ ಕಡಲು

ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟ ತುಂಬ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಗೆಯೇ ಆಗಲಿ. 2025ರಲ್ಲಿ ಅವರು ಕ್ಯಾಲಿಫೋರ್ನಿಯಾದಲ್ಲಿರುವ ಮಗನ ಮನೆಗೆ ಹೋಗಿದ್ದರು. ಮಗನಿಗೆ ಗಾಳದ ಹುಚ್ಚು. ಜೂನ್ 7ರ ಶನಿವಾರ ಬಾಡಿಗೆ ದೋಣಿಯಲ್ಲಿ ಅಪ್ಪನನ್ನೂ ಕೂರಿಸಿಕೊಂಡು ಕಡಲಿಗೆ ಹೋದ, ಒಂದು ಸಾಲ್ಮನ್ ಹಿಡಿದ. ಜುಲೈ ಮೊದಲ ವಾರದ ಶನಿವಾರ ಇನ್ನೊಮ್ಮೆ ಹೋಗೋಣವೆಂದು ದೋಣಿಗೆ ಹಣವನ್ನೂ ಕಟ್ಟಿದ. ಅಷ್ಟರಲ್ಲಿ ಸರ್ಕಾರ ಸಾಲ್ಮನ್ ಹಿಡಿಯುವುದನ್ನೇ ನಿಲ್ಲಿಸಿತು. "ಪರವಾನಗಿ ಕೊಟ್ಟವರೇ, ದಿನ ಗೊತ್ತುಮಾಡಿ ಪ್ರಕಟಿಸಿದವರೇ, ನಡುವೆ ಬಾಗಿಲು ಹಾಕಿಕೊಂಡರು. ಇದಕ್ಕಿಂತ ನಮ್ಮ ದೇಶವೇ ವಾಸಿ. ಜೂನ್ 1 ಎಂದರೆ ಜೂನ್ 1, ಜುಲೈ 31 ಎಂದರೆ ಜುಲೈ 31" ಎಂಬುದು ಅವರ ದೂರು. ಕೊನೆಗೊಂದು ಬೇಡಿಕೆಯೂ ಇದೆ. ನಮ್ಮ ಕಡೆ ಹತ್ತುಮೀನು, ಅಂದರೆ ಹೊಸ ಮಳೆಯ ನೀರಿಗೆ ಮೊಟ್ಟೆ ಇಡಲು ಹಳ್ಳ ಗದ್ದೆಗಳಿಗೆ ಏರಿ ಬರುವ ಮೀನು, ಹಿಡಿಯಬಾರದೆಂಬ ಮಾತು ಮಳೆಗಾಲ ಬಂತೆಂದರೆ ಕೇಳಿಬರುತ್ತದೆ; ಅದನ್ನು ವಿರೋಧಿಸಿ ಪತ್ರಿಕೆ ಬರೆಯಬೇಕಂತೆ.

ಮೇಷ್ಟ್ರೇ, ನಿಮ್ಮ ಮಗನಿಗೆ ಆದ ನಷ್ಟ ನಷ್ಟವೇ. ದೋಣಿ ನಡೆಸುವವರ ಪಾಡು ಅದಕ್ಕಿಂತ ಕಷ್ಟದ್ದು. ಆ ರಾಜ್ಯದ ಕಡಲಲ್ಲಿ 2023ರಲ್ಲಿ ಸಾಲ್ಮನ್ ಹಿಡಿಯುವಂತಿರಲಿಲ್ಲ, 2024ರಲ್ಲೂ ಇರಲಿಲ್ಲ. ಮಾರಾಟಕ್ಕೆ ಹಿಡಿಯುವವರಿಗಂತೂ 2025ರಲ್ಲೂ ಅನುಮತಿ ಸಿಗಲಿಲ್ಲ, ಸಾಲಾಗಿ ಮೂರನೆಯ ವರ್ಷ. ದೋಣಿಯ ಸಾಲ, ಕೆಲಸದವರ ಸಂಬಳ ಯಾರಿಗೂ ಕಾಯುವುದಿಲ್ಲ. ಇಷ್ಟನ್ನು ಒಪ್ಪಿಕೊಂಡೇ ಹೇಳುತ್ತೇನೆ: ಆ ಆಜ್ಞೆ ಸರಿಯಾಗಿತ್ತು. ಅಂಥದೊಂದು ಆಜ್ಞೆ ನಮ್ಮಲ್ಲಿ ಹೊರಡುವ ದಿನಕ್ಕಾಗಿ ನಾನು ಕಾಯುತ್ತಿದ್ದೇನೆ.

ನಿಮ್ಮ ಪತ್ರದ ಎರಡನೆಯ ಪುಟದಲ್ಲಿ ಒಂದು ಸಾಲು ಇದೆ. ನೀವು ಅದನ್ನು ಬೇಸರದಿಂದ ಬರೆದು ಮುಂದೆ ಹೋಗಿದ್ದೀರಿ, ನಾನು ಅಲ್ಲೇ ನಿಂತೆ. ದೋಣಿ ದಡಕ್ಕೆ ಬಂದಾಗ ಒಬ್ಬಳು ಹುಡುಗಿ ಅಳತೆಯ ಹಲಗೆ ಹಿಡಿದು ನಿಂತಿದ್ದಳು, ಮೀನನ್ನು ಅದರ ಮೇಲೆ ಮಲಗಿಸಿ ಮೂತಿಯಿಂದ ಬಾಲದವರೆಗೆ ಅಳೆದಳು, ಎಲ್ಲಿ ಹಿಡಿದಿರಿ ಎಂದು ಕೇಳಿ ಬರೆದುಕೊಂಡಳು, ಆಮೇಲೆ "ಅಷ್ಟು ದುಡ್ಡು ಸುರಿದು ಹಿಡಿದ ಮೀನಿನ ತಲೆಯನ್ನೂ ಕೇಳಿ ತೆಗೆದುಕೊಂಡಳು." ಮೀನಿನ ತಲೆಯ ಸಾರು ಉಂಡು ಬೆಳೆದ ಮಲೆನಾಡಿಗರಿಗೆ ಅದು ಸಂಕಟದ ವಿಷಯವೇ. ಆದರೆ ಆ ತಲೆಯಲ್ಲಿ ಏನಿತ್ತೆಂದು ನೀವು ಅವಳನ್ನು ಕೇಳಬೇಕಾಗಿತ್ತು.

ಅಲ್ಲಿನ ಮರಿಮೀನು ಸಾಕಣೆ ಕೇಂದ್ರಗಳಲ್ಲಿ ಬೆಳೆಸಿದ ಸಾಲ್ಮನ್ ಮರಿಗಳಲ್ಲಿ ಒಂದು ಪಾಲಿಗೆ, ನದಿಗೆ ಬಿಡುವ ಮೊದಲು, ಮೂಗಿನ ಬಳಿ ಕಣ್ಣಿಗೆ ಕಾಣುವುದೇ ಕಷ್ಟ ಎನ್ನುವಷ್ಟು ಸಣ್ಣ ಲೋಹದ ತಂತಿಯ ಚೂರನ್ನು ಸೇರಿಸುತ್ತಾರೆ. ಅದರ ಮೇಲೆ ಗುರುತಿನ ಸಂಖ್ಯೆ ಇರುತ್ತದೆ. ಅಂಥ ಮೀನು ಗೊತ್ತಾಗಲೆಂದು ಬಾಲದ ಹತ್ತಿರ ಬೆನ್ನ ಮೇಲಿರುವ ಪುಟ್ಟ ರೆಕ್ಕೆಯನ್ನು ಕತ್ತರಿಸಿರುತ್ತಾರೆ. ಮೂರು ವರ್ಷ ಕಡಲಲ್ಲಿ ತಿರುಗಿದ ಮೀನು ನಿಮ್ಮ ಮಗನ ಗಾಳಕ್ಕೆ ಸಿಕ್ಕರೂ, ಅದು ಯಾವ ಕೇಂದ್ರದಲ್ಲಿ ಯಾವ ವರ್ಷ ಹುಟ್ಟಿತು ಎಂಬುದನ್ನು ಆ ತಲೆ ಹೇಳುತ್ತದೆ. ಅಂಥ ತಲೆಗಳನ್ನು, ಅಳತೆಗಳನ್ನು, ದೋಣಿಗಳ ಲೆಕ್ಕವನ್ನು ಕೂಡಿಸಿಯೇ ಎಷ್ಟು ಹಿಡಿದಾಯಿತು, ಎಷ್ಟು ಉಳಿಯಿತು ಎಂದು ತಿಳಿಯುವುದು. ಆ ಬೇಸಿಗೆಗೆ ಗಾಳದವರೆಲ್ಲ ಸೇರಿ 7,000 ಸಾಲ್ಮನ್ ಹಿಡಿಯಬಹುದು ಎಂದು ಗೊತ್ತುಮಾಡಿದ್ದರು. ದಿನಾಂಕಗಳನ್ನು ಪ್ರಕಟಿಸುವಾಗಲೇ, ಮಿತಿ ಮುಟ್ಟಿದರೆ ಉಳಿದ ದಿನಗಳು ರದ್ದು ಎಂದೂ ಹೇಳಿದ್ದರು. ಎರಡು ವರ್ಷ ಹಸಿದಿದ್ದ ಜನ ಮೊದಲ ಎರಡು ದಿನಗಳಲ್ಲೇ ಆ ಮಿತಿಯನ್ನು ದಾಟಿಬಿಟ್ಟರು. ಮುಚ್ಚದೆ ಇನ್ನೇನು ಮಾಡಬೇಕಾಗಿತ್ತು?

ಸಾಲ್ಮನ್ ಅಷ್ಟು ಕಡಿಮೆಯಾದದ್ದೇಕೆ ಎಂಬುದನ್ನೂ ನೋಡಿ. ಆ ಮೀನು ಹುಟ್ಟುವುದು ನದಿಯಲ್ಲಿ, ಬೆಳೆಯುವುದು ಕಡಲಲ್ಲಿ, ಮೊಟ್ಟೆ ಇಡಲು ಮರಳುವುದು ಹುಟ್ಟಿದ ನದಿಗೆ. ಸ್ಯಾಕ್ರಮೆಂಟೊ ನದಿಗೆ ಅಣೆಕಟ್ಟು ಕಟ್ಟಿ ಮೇಲಿನ ತಣ್ಣೀರಿನ ದಾರಿ ಮುಚ್ಚಿದ್ದಾರೆ. 2020ರಿಂದ 2022ರವರೆಗೆ ಬರ ಬಂದು ಉಳಿದ ನೀರೂ ಬಿಸಿಯಾಯಿತು, ಮೊಟ್ಟೆಗಳು ನದಿಯ ತಳದಲ್ಲೇ ಸತ್ತವು. ಬರದ ವರ್ಷ ಹುಟ್ಟಬೇಕಿದ್ದ ಮೀನು ಮೂರು ವರ್ಷದ ನಂತರ ಕಡಲಲ್ಲಿ ಇರುವುದಿಲ್ಲ. ಗಾಜನೂರು, ಲಕ್ಕವಳ್ಳಿ, ಲಿಂಗನಮಕ್ಕಿ ಅಣೆಕಟ್ಟುಗಳ ನಡುವೆ ಬದುಕುವ ನಮಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನೀವು ಹೊಗಳಿದ ನಮ್ಮ ಜೂನ್ 1ಕ್ಕೆ ಬರೋಣ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. 2015ಕ್ಕೆ ಮೊದಲು ಇದು 47 ದಿನ ಇತ್ತು. ಮೀನು ಮೊಟ್ಟೆ ಇಡುವ ಕಾಲ ಎನ್ನುವುದು ಅದಕ್ಕೆ ಮುಖ್ಯ ಕಾರಣ. ಒಳ್ಳೆಯ ನಿಯಮ. ಆದರೆ ಮಳೆ ಈ ದಿನಾಂಕವನ್ನು ಓದಿದೆಯೇ? 2023ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದು ಜೂನ್ 8ಕ್ಕೆ. 2025ರಲ್ಲಿ ಮೇ 24ಕ್ಕೇ ಬಂದಿತ್ತು. ಎರಡು ವಾರಕ್ಕೂ ಹೆಚ್ಚಿನ ಅಂತರ. ಬೂತಾಯಿಯಂಥ ಮೀನು ಮೊಟ್ಟೆ ಇಡುವುದು ಮುಂಗಾರಿನ ನೀರು ತಣ್ಣಗಾಗಿ ಕಡಲು ಕದಡಿದಾಗ. ಮಳೆ ಒಂದು ವಾರ ಮೊದಲೇ ಬಂದ ವರ್ಷವೂ ಕಾಗದದ ಪ್ರಕಾರ ಮೇ 31ರ ರಾತ್ರಿಯವರೆಗೆ ಬಲೆ ಬಿಡಬಹುದು. ಗಾಳಿಗೆ ಹೆದರಿ ದೋಣಿ ನಿಂತರೆ ಅದು ಮೀನಿನ ಪುಣ್ಯ.

ಗೊತ್ತುಮಾಡಿದ ದಿನಾಂಕ ನಮ್ಮಲ್ಲಿ ಎಂದೂ ಬದಲಾಗಿಲ್ಲ ಎಂದು ನೀವು ತಿಳಿದಿದ್ದೀರಿ. ಆಗಿದೆ. 2020ರಲ್ಲಿ, ರಜೆ ಶುರುವಾಗಲು ಒಂದೇ ವಾರ ಇರುವಾಗ, ಕೇಂದ್ರ ಸರ್ಕಾರ ಜೂನ್ 1ನ್ನು ಜೂನ್ 15ಕ್ಕೆ ಸರಿಸಿತು. 61 ದಿನ ಮತ್ತೆ 47 ಆಯಿತು. ಲಾಕ್‌ಡೌನ್‌ನಲ್ಲಿ ವಾರಗಟ್ಟಲೆ ದುಡಿಮೆ ಕಳೆದುಕೊಂಡ ಮೀನುಗಾರರಿಗೆ ಹಾಗೆ ಮಾಡಿದ್ದನ್ನು ನಾನು ತಪ್ಪೆನ್ನುವುದಿಲ್ಲ. ನನ್ನ ತಕರಾರು ಬೇರೆ. ಮನುಷ್ಯನಿಗಾಗಿ ಒಂದೇ ವಾರದಲ್ಲಿ ಹದಿನಾಲ್ಕು ದಿನ ಬಿಟ್ಟುಕೊಡಲು ಸಾಧ್ಯವಾದರೆ, ಮೀನಿಗಾಗಿ ಒಂದು ವಾರ ಮೊದಲೇ ನಿಲ್ಲಿಸಲು ಏಕೆ ಸಾಧ್ಯವಿಲ್ಲ? ಅದೇ ಕಚೇರಿ, ಅದೇ ಕಾಗದ, ಅದೇ ಮೊಹರು. ನಮ್ಮ ನಿಯಮಗಳು ಸಡಿಲವಾಗುವಾಗ ಚುರುಕು, ಬಿಗಿಯಾಗಬೇಕಾದಾಗ ಕಲ್ಲು.

ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರೀ ವಾಹನಗಳನ್ನು ತಡೆಯುತ್ತಾರೆ. ಲಾರಿಯವರು ಬಳಸುದಾರಿ ಹಿಡಿಯುತ್ತಾರೆ, ಗೊಣಗುತ್ತಾರೆ, ಆದರೆ ನಡುವೆ ನಿಯಮ ಬದಲಾಯಿತೆಂದು ಯಾರೂ ನಾಲ್ಕು ಪುಟ ಬರೆಯುವುದಿಲ್ಲ. ಘಾಟಿಯ ಮಣ್ಣು ಕುಸಿಯುವುದು ಕಣ್ಣಿಗೆ ಕಾಣುತ್ತದೆ. ನೀರಿನೊಳಗೆ ಒಂದು ಸಂತತಿ ಕುಸಿಯುವುದು ಕಾಣುವುದಿಲ್ಲ. ಅಳತೆ ಹಲಗೆಯ ಆ ಹುಡುಗಿ ಅಲ್ಲಿ ನಿಂತಿರುವುದು ಅದನ್ನು ಕಾಣಿಸುವುದಕ್ಕೇ.

ಕೇರಳದ ಬೂತಾಯಿಯ ಲೆಕ್ಕ ನೋಡಿದರೆ ಎದೆ ಝಲ್ಲೆನ್ನುತ್ತದೆ. 2012ರಲ್ಲಿ ಆ ಒಂದೇ ರಾಜ್ಯದ ದಡಕ್ಕೆ ಸುಮಾರು 3.9 ಲಕ್ಷ ಟನ್ ಬೂತಾಯಿ ಬಂದಿತ್ತು. 2021ರಲ್ಲಿ ಬಂದದ್ದು 3,297 ಟನ್. ಕಡಲಿನ ತಾಪ ಏರಿದ್ದು, ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ಎಲ್ ನಿನೊ, ಜೊತೆಗೆ ಬಲಿಯದ ಮರಿಗಳನ್ನೇ ಬಾಚಿದ್ದು ಎಲ್ಲವೂ ಸೇರಿ ಹಾಗಾಯಿತು. ಎಷ್ಟು ಉದ್ದದ ಒಳಗಿನ ಮೀನನ್ನು ಹಿಡಿಯಬಾರದೆಂದು ಕೇರಳ ನಿಯಮ ಮಾಡಿದೆ. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಘಾಟಿ ಹತ್ತಿ ನಮ್ಮ ಪೇಟೆಗಳಿಗೆ ಬರುವ ಬೂತಾಯಿಯನ್ನು ನಮ್ಮಲ್ಲಿ ಬಡವರು ತಿನ್ನುತ್ತಾರೆ, ಅಡಿಕೆ ಕೊಯ್ಲಿನ ಕೂಲಿಯವರು ತಿನ್ನುತ್ತಾರೆ. ಅದರ ಮರಿಯನ್ನು ಮೀನಿನ ಹುಡಿ ಮಾಡುವ ಕಾರ್ಖಾನೆಗೆ ಸುರಿಯುವುದನ್ನು ಕಂಡರೆ ನನಗೆ ಊಟ ಸೇರುವುದಿಲ್ಲ. ಬೆಳಕು ಹಾಯಿಸಿ ಮೀನು ಸೆಳೆದು ಹಿಡಿಯುವುದನ್ನು 2017ರಲ್ಲೇ ಕೇಂದ್ರ ನಿಷೇಧಿಸಿತು. ಹಾಗೆ ಹಿಡಿಯುವವರ ವಿರುದ್ಧ ನಾಡದೋಣಿಯವರು ಇನ್ನೂ ಬೀದಿಗಿಳಿಯಬೇಕಾಗಿದೆ. ದಿನಾಂಕ ಅಲುಗದ್ದನ್ನೇ ಶಿಸ್ತು ಎಂದು ಮೆಚ್ಚುವ ನಾವು, ಇದ್ದ ನಿಯಮ ನಡೆಯದ್ದನ್ನು ನೋಡಿಯೂ ಸುಮ್ಮನಿರುತ್ತೇವೆ.

ನಡುವೆ ನಿಯಮ ಬದಲಿಸುವುದು ಪರದೇಶದ ಸರಕು ಎಂದು ನಿಮ್ಮ ಪತ್ರದಲ್ಲಿ ಧ್ವನಿ ಇದೆ. ಮೇಷ್ಟ್ರೇ, ಮಕ್ಕಳಿಗೆ ಪಾಠ ಹೇಳಿದ ನೀವು ಕೆರೆಬೇಟೆಯನ್ನು ಹೇಗೆ ಮರೆತಿರಿ? ಸೊರಬ, ಸಾಗರದ ಹಳ್ಳಿಗಳಲ್ಲಿ ಕೆರೆಬೇಟೆಗೆ ಪಂಚಾಂಗದಲ್ಲಿ ದಿನ ಇರುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿಯುವುದನ್ನು ಹಿರಿಯರು ನೋಡುತ್ತಾರೆ, ಮೊಣಕಾಲು ಮಟ್ಟಕ್ಕೋ ಸೊಂಟದ ಮಟ್ಟಕ್ಕೋ ಬಂತೆಂದಾಗ ಊರು ಕೂಡಿ ದಿನ ಗೊತ್ತುಮಾಡುತ್ತದೆ, ಸುತ್ತಲಿನ ಊರುಗಳಿಗೆ ಸುದ್ದಿ ಹೋಗುತ್ತದೆ. ಅಲ್ಲಿಯವರೆಗೆ ಆ ಕೆರೆಗೆ ಒಬ್ಬನೂ ಇಳಿಯುವಂತಿಲ್ಲ. ಆ ದಿನ ಕೂಣಿಗೆ (ಮೀನು ಹಿಡಿಯುವ ಬಿದಿರಿನ ಬುಟ್ಟಿ) ಇಷ್ಟು ಎಂದು ಹಣ ಕೊಟ್ಟವರೆಲ್ಲ ಒಟ್ಟಿಗೆ ಕೆರೆಗಿಳಿಯುತ್ತಾರೆ. ನೀರು ನೋಡಿ ನಿಯಮ ಮಾಡುವುದು ಎಂದರೆ ಇದು. ತೀರ್ಥಹಳ್ಳಿ ಬಳಿಯ ಚಿಬ್ಬಲಗುಡ್ಡೆಯಲ್ಲಿ, ಶೃಂಗೇರಿಯ ಸ್ನಾನಘಟ್ಟದಲ್ಲಿ ದೇವರ ಹೆಸರಿನಲ್ಲಿ ವರ್ಷವಿಡೀ ಗಾಳವೇ ಬೀಳುವುದಿಲ್ಲ. ನೀವು ನಿಮ್ಮ ಮೊಮ್ಮಕ್ಕಳಿಗೆ ಅಲ್ಲಿ ಮಂಡಕ್ಕಿ ಕೊಟ್ಟು ತೋರಿಸುವ ಮೀನುಗಳು ಉಳಿದಿರುವುದು ಯಾರೋ ಬೇಡ ಎಂದದ್ದಕ್ಕೆ.

ಇನ್ನು ನಿಮ್ಮ ಹತ್ತುಮೀನು. ಮೃಗಶಿರಾ ಮಳೆ ಜಡಿದು ಹಳ್ಳ ಕೆಂಪಾಗಿ ಗದ್ದೆಯ ನೀರು ಹೊಳೆಗೆ ಸೇರಿದ ರಾತ್ರಿ ಮೀನು ಮೇಲೇರುವ ಸಂಭ್ರಮ ನನಗೂ ಗೊತ್ತು. ಬದುವಿನ ಕಂಡಿಯಲ್ಲಿ ಬಿದಿರಿನ ಕೂಣಿ ಇಡುತ್ತಾರೆ. (ಕೆರೆಬೇಟೆಯ ಕೂಣಿಯ ರೂಪ ಬೇರೆ.) ಬಾಯಲ್ಲಿ ಚೂಪಾದ ಕಡ್ಡಿಗಳು ಒಳಮುಖವಾಗಿ ಬಾಗಿರುತ್ತವೆ, ಒಳಗೆ ಹೋದದ್ದು ಹೊರಗೆ ಬರುವಂತಿಲ್ಲ. ಬೆಳಿಗ್ಗೆ ಎತ್ತಿ ಸುರಿದರೆ ಮುರುಗೋಡು, ಔಲು, ಎರಡು ಕಾರೇಡಿ. ಮೀನಿನ ಹೊಟ್ಟೆ ಒತ್ತಿದರೆ ಬೆರಳಿಗೆ ತತ್ತಿ ಮೆತ್ತಿಕೊಳ್ಳುತ್ತದೆ. ಹಿಂದೆ ಹೊಳೆಗೆ ಒಂದು ಮನೆಯ ಕೂಣಿ ಇತ್ತು, ಹಿಡಿದದ್ದು ಆ ಮನೆಯ ಸಾರಿಗೆ ಆಗುತ್ತಿತ್ತು. ಈಗ ಮೊಬೈಲ್‌ನಲ್ಲಿ ಸುದ್ದಿ ಹರಡಿ ಪೇಟೆಯಿಂದ ಕಾರು ತುಂಬಿಕೊಂಡು ಬರುತ್ತಾರೆ. ಬ್ಯಾಟರಿ, ಟಾರ್ಚು, ಕೆಲವರ ಕೈಯಲ್ಲಿ ಕರೆಂಟಿನ ತಂತಿ. ಬೇಸಿಗೆಯಲ್ಲಿ ಗುಂಡಿಗಳಿಗೆ ತೋಟೆ (ಸಿಡಿಮದ್ದು) ಹಾಕಿದವರೂ ಇವರೇ. ಏರಿದ ಮೀನು ಇಳಿಯದಿದ್ದರೆ ಮರುವರ್ಷ ಏರುವುದು ಯಾವುದು?

ಆದ್ದರಿಂದ ನೀವು ಕೇಳಿದ ಲೇಖನವನ್ನು ನಾನು ಬರೆಯುವುದಿಲ್ಲ. ನಾನು ಕೇಳುವುದು ಇದನ್ನು: ಮೊದಲ ಏರು ಕಂಡ ಮೂರು ನಾಲ್ಕು ರಾತ್ರಿ ಹಳ್ಳಗಳಲ್ಲಿ ಕೂಣಿ ಬೇಡ ಎಂದು ಆಯಾ ಗ್ರಾಮ ಪಂಚಾಯಿತಿಯೇ ಡಂಗುರ ಹೊಡೆಸಲಿ. ಯಾವ ರಾತ್ರಿ ಎಂಬುದನ್ನು ಮಳೆ ನೋಡಿ ಊರಿನವರೇ ಹೇಳಲಿ, ಬೆಂಗಳೂರಿನ ಕಡತ ಹೇಳುವುದು ಬೇಡ. ಆಮೇಲೆ ಮನೆಯ ಸಾರಿಗೆ ಹಿಡಿಯುವವನನ್ನು ಯಾರೂ ತಡೆಯಬಾರದು. ಕರೆಂಟು, ತೋಟೆ, ವಿಷ ಹಾಕುವವನನ್ನು ಮಾತ್ರ ಯಾವ ಕಾಲದಲ್ಲೂ ಬಿಡಬಾರದು. 1996ರಲ್ಲಿ ದಕ್ಷಿಣ ಕನ್ನಡದ ಶಿಶಿಲದ ದೇವರ ಮೀನುಗಳಿಗೆ ವಿಷ ಹಾಕಿ ಸಾವಿರಾರು ಮೀನು ಕೊಂದದ್ದನ್ನು ಘಟ್ಟದ ಮೇಲಿನವರು, ಕೆಳಗಿನವರು ಯಾರೂ ಮರೆತಿಲ್ಲ.

ನಿಮ್ಮ ಮಗನಿಗೆ ಒಂದು ಕೆಲಸ ಹೇಳಿ. ಮುಂದಿನ ಸಲ ದಡದಲ್ಲಿ ಆ ಹಲಗೆಯವರು ಸಿಕ್ಕಾಗ, ಅವರು ಬರೆದುಕೊಳ್ಳುವ ಹಾಳೆಯ ಒಂದು ಖಾಲಿ ಪ್ರತಿ ಕೊಡುತ್ತಾರೆಯೇ ಎಂದು ಕೇಳಲಿ. ಸಿಕ್ಕರೆ ಕಳುಹಿಸಿ, ಕನ್ನಡದಲ್ಲಿ ಅಚ್ಚು ಮಾಡುತ್ತೇನೆ. ತುಂಗೆ, ಭದ್ರೆ, ಶರಾವತಿ, ಮಾಲತಿಯ ದಂಡೆಯ ಓದುಗರು ಈ ಮಳೆಗಾಲ ಮೀನು ಏರಿದ ದಿನ, ಹಳ್ಳದ ಹೆಸರು, ಕಂಡ ಮೀನು, ಅದರ ಉದ್ದವನ್ನು ಅಂಚೆ ಕಾರ್ಡಿನಲ್ಲಿ ಬರೆದು ಕಳುಹಿಸಲಿ. ಬಂದದ್ದನ್ನೆಲ್ಲ ಆಗಸ್ಟ್ ಸಂಚಿಕೆಯಲ್ಲಿ ಹಾಕುತ್ತೇನೆ. ಮೊದಲ ಕಾರ್ಡು ನಿಮ್ಮಿಂದ ಬರಲಿ, ಮೇಷ್ಟ್ರೇ.

— ಸಂಪಾದಕ