ಫೋಟೋ ನೋಡಿದರೆ ಎಲ್ಲ ಗೊತ್ತಾಗುತ್ತದಲ್ಲ, ಅದರ ಹಿಂದಿನ ಕಥೆ ಯಾಕೆ ಬೇಕು?

ಎಲ್ಲ ಗೊತ್ತಾಗುವುದಿಲ್ಲ, ಅದಕ್ಕೇ ಬೇಕು. ಏನು ಕಂಡಿತು ಎಂಬುದನ್ನು ಫೋಟೋ ಹೇಳುತ್ತದೆ. ಯಾಕೆ ಹಾಗಿತ್ತು ಎಂದು ಹೇಳಲಾರದು. ಕ್ಯಾಮೆರಾದೊಳಗೆ ಬೆಳಕು ಬಿಡುವ ಶಟರ್ ಸಾಮಾನ್ಯವಾಗಿ ತೆರೆದಿರುವುದು ಸೆಕೆಂಡಿನ ಸಣ್ಣ ಪಾಲು ಮಾತ್ರ. ಅದಕ್ಕೆ ಮೊದಲು ಮತ್ತು ನಂತರ ನಡೆದದ್ದು, ಚೌಕಟ್ಟಿನ ಆಚೆ ಇದ್ದದ್ದು ಚಿತ್ರದಲ್ಲಿ ಇರುವುದೇ ಇಲ್ಲ. ಆ ಖಾಲಿ ಜಾಗವನ್ನು ನಾವು ಊಹೆಯಿಂದ ತುಂಬಿಕೊಳ್ಳುತ್ತೇವೆ.

ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ ತೆಗೆದ ‘ಮೈಗ್ರೆಂಟ್ ಮದರ್’ (ವಲಸೆ ತಾಯಿ) ಚಿತ್ರವನ್ನೇ ನೋಡಿ. ಬಟಾಣಿ ಕೀಳಲು ಬಂದ ಕೂಲಿಯವರ ಬಿಡಾರದಲ್ಲಿ ಕೆನ್ನೆಗೆ ಕೈ ಹಚ್ಚಿ ಕೂತ ತಾಯಿ, ಅವಳ ಹೆಗಲಿಗೆ ಮುಖ ಮರೆಸಿಕೊಂಡ ಇಬ್ಬರು ಮಕ್ಕಳು. ಅಮೆರಿಕದ ಆರ್ಥಿಕ ಮಹಾಕುಸಿತದ ಮುಖವೇ ಆಗಿಹೋಯಿತು ಅದು. ಆದರೆ ಲ್ಯಾಂಗ್ ಆಕೆಯ ಹೆಸರು ಕೇಳಿರಲಿಲ್ಲ. ಊಟಕ್ಕಾಗಿ ಕಾರಿನ ಟೈರ್ ಮಾರಿದ್ದಳು ಎಂದು ಮುಂದೆ ಬರೆದರು. 1978ರಲ್ಲಿ ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜಗತ್ತಿಗೆ ತಿಳಿಯಿತು. ಕುಟುಂಬ ಹೇಳಿದ್ದೇ ಬೇರೆ: ಟೈರ್ ಮಾರಿರಲಿಲ್ಲ, ಕಾರು ಕೆಟ್ಟಿದ್ದರಿಂದ ದಾರಿಯಲ್ಲಿ ತಂಗಿದ್ದರು. ಆಕೆ ಚೆರೋಕಿ ಮೂಲನಿವಾಸಿ ಎಂಬುದೂ ಅಷ್ಟು ವರ್ಷ ನೋಡಿದವರಿಗೆ ತಿಳಿದಿರಲಿಲ್ಲ. ಚಿತ್ರ ಬದಲಾಗಲಿಲ್ಲ, ಅದರ ಅರ್ಥ ಬದಲಾಯಿತು. ಇಷ್ಟು ಹೆಸರಾದ ಚಿತ್ರಕ್ಕೆ ಆ ತಾಯಿಯ ಮಾತು ಸೇರಲು ನಲವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಮನುಷ್ಯರ ಚಿತ್ರಕ್ಕಷ್ಟೇ ಈ ಮಾತಲ್ಲ. ಹುಲಿಯ ಫೋಟೋ ಕಾಡಿನದ್ದೋ ಮೃಗಾಲಯದ್ದೋ ಎಂಬುದು ಎಷ್ಟೋ ಸಲ ಚಿತ್ರದಿಂದ ತಿಳಿಯುವುದಿಲ್ಲ, ತೆಗೆದವರೇ ಹೇಳಬೇಕು.