ಪಿಕಪ್ ಟ್ರಕ್‌ನ ಸ್ಪಾರ್ಕ್ ಪ್ಲಗ್ ಮನೆಯಲ್ಲೇ ಬದಲಾಯಿಸಬಹುದಾ?

ಖಂಡಿತ ಬದಲಾಯಿಸಬಹುದು. ಸಿಲಿಂಡರ್ ಒಳಗೆ ಕಿಡಿ ಹಾರಿಸಿ ಪೆಟ್ರೋಲ್ ಉರಿಸುವ ಭಾಗವೇ ಈ ಪ್ಲಗ್. ನಿಮ್ಮದು ಪೆಟ್ರೋಲ್ ವಿ8 (ಎಂಟು ಸಿಲಿಂಡರ್) ಎಂಜಿನ್, ಒಂದೂವರೆ ಲಕ್ಷ ಕಿಲೋಮೀಟರ್ ಓಡಿದೆ, ಪ್ಲಗ್ ಇನ್ನೂ ಮುಟ್ಟಿಲ್ಲ, ನಿಂತಲ್ಲಿ ಗಾಡಿ ನಡುಗುತ್ತದೆ ಅಂದಿದ್ದೀರಿ. ಸಾಮಾನ್ಯ ನಿಕಲ್ ಪ್ಲಗ್ ಆಗಿದ್ದರೆ ಅದರ ಆಯುಷ್ಯ ಸುಮಾರು 30ರಿಂದ 50 ಸಾವಿರ ಕಿಲೋಮೀಟರ್. ಇರಿಡಿಯಂ ಆದರೆ ಲಕ್ಷ ದಾಟುತ್ತದೆ. ಯಾವುದೇ ಇರಲಿ, ನಿಮ್ಮವು ಸವೆದಿರುತ್ತವೆ.

ನಾನು ನನ್ನ ಪಿಕಪ್‌ನ ಪ್ಲಗ್‌ಗಳನ್ನು ನಾನೇ ಬದಲಾಯಿಸುತ್ತೇನೆ. ಈ ಕೆಲಸದಲ್ಲಿ ನೀವು ಕಾಪಾಡಬೇಕಾದದ್ದು ಎಂಜಿನ್ ಹೆಡ್‌ನ ಥ್ರೆಡ್, ಅಂದರೆ ಎಂಜಿನ್ ಮೇಲ್ಭಾಗದಲ್ಲಿ ಪ್ಲಗ್ ತಿರುಗಿ ಕೂರುವ ಸುರುಳಿ ಗೆರೆ. ಪ್ಲಗ್ ಹಾಳಾದರೆ ಇನ್ನೊಂದು ತರಬಹುದು. ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಹೋದರೆ ರಿಪೇರಿ ದೊಡ್ಡದು. ಮುಂದೆ ಹೇಳುವುದೆಲ್ಲ ಅದಕ್ಕಾಗಿಯೇ.

ಮೊದಲು ನಿಮ್ಮ ಎಂಜಿನ್ ಯಾವುದು ಅಂತ ಸರಿಯಾಗಿ ತಿಳಿದುಕೊಳ್ಳಿ. ವಿ8 ಅಂದರೆ ಎಂಟೇ ಪ್ಲಗ್ ಅಂತ ಅಂದುಕೊಳ್ಳಬೇಡಿ. ರ‍್ಯಾಮ್‌ನ 5.7 ಲೀಟರ್ ಹೆಮಿಯಲ್ಲಿ ಒಂದು ಸಿಲಿಂಡರ್‌ಗೆ ಎರಡರಂತೆ 16 ಇವೆ. ಫೋರ್ಡ್ ಎಫ್-150ಯಲ್ಲಿ 2004ರಿಂದ ಬಂದ 5.4 ಲೀಟರ್, ಮೂರು ವಾಲ್ವ್‌ನ ಟ್ರೈಟನ್ ಎಂಜಿನ್ ನಿಮ್ಮದಾಗಿದ್ದರೆ ಮಾತ್ರ ಮೊದಲ ಸಲ ನೀವೇ ಕೈ ಹಾಕಬೇಡಿ. ಅದರ ಹಳೆಯ ಪ್ಲಗ್‌ನ ಉದ್ದನೆಯ ತುದಿಗೆ ಮಸಿ ಕಟ್ಟಿ ಹೆಡ್ ಒಳಗೆ ಅಂಟಿಕೊಳ್ಳುತ್ತದೆ. ತಿರುಗಿಸುವಾಗ ಮುರಿದು ಕೆಳಗಿನ ತುಂಡು ಒಳಗೇ ಉಳಿಯಬಹುದು. ಆ ತುಂಡನ್ನು ಎಳೆಯುವ ಟೂಲ್ ಇರುವ ಮೆಕ್ಯಾನಿಕ್ ಹತ್ತಿರ ಹೋಗಿ.

ಉಳಿದ ಎಂಜಿನ್‌ಗಳಿಗೆ ಎಂಜಿನ್ ಪೂರ್ತಿ ತಣ್ಣಗಾಗಲಿ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಶುರು ಮಾಡುವುದು ಒಳ್ಳೆಯದು. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್‌ನ ಕನೆಕ್ಟರ್‌ಗೆ ಸಣ್ಣ ಲಾಕ್ ಇರುತ್ತದೆ, ಹಳೆಯ ಪ್ಲಾಸ್ಟಿಕ್ ಬೇಗ ಮುರಿಯುತ್ತದೆ, ಮೆಲ್ಲಗೆ ಒತ್ತಿ ಬಿಡಿಸಿ, ಕಾಯಿಲ್ ತೆಗೆಯಿರಿ. ಕಾಯಿಲ್ ಬದಲು ವೈರ್ ಇದ್ದರೆ ವೈರ್ ಹಿಡಿದು ಎಳೆಯಬೇಡಿ, ರಬ್ಬರ್ ಬೂಟ್ ಹಿಡಿದು ತಿರುಗಿಸಿ ಎಳೆಯಿರಿ. ಒಂದು ಸಿಲಿಂಡರ್ ಮುಗಿಸಿ ಇನ್ನೊಂದಕ್ಕೆ ಹೋದರೆ ವೈರ್ ಅದಲು ಬದಲಾಗುವ ಭಯವೇ ಇಲ್ಲ.

ಪ್ಲಗ್ ಸಡಿಲಿಸುವ ಮೊದಲು ಅದು ಕೂತ ಗುಂಡಿಗೆ ಗಾಳಿ ಊದಿ. ಕನ್ನಡಕ ಹಾಕಿಕೊಂಡೇ ಊದಿ. ಅಲ್ಲಿ ಮರಳು, ಎಲೆಚೂರು ಏನೇನೋ ಕೂತಿರುತ್ತದೆ. ಪ್ಲಗ್ ತೆಗೆದ ಕ್ಷಣ ಅದೆಲ್ಲ ಸಿಲಿಂಡರ್ ಒಳಗೆ ಬೀಳುತ್ತದೆ. ಪ್ಲಗ್ ಬಿಗಿಯಾಗಿದ್ದರೆ ಜೋರು ಮಾಡಬೇಡಿ. ಸ್ವಲ್ಪ ಸಡಿಲಿಸಿ, ಬುಡಕ್ಕೆ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು, ನೆನೆದ ಮೇಲೆ ಹಿಂದೆ ಮುಂದೆ ಆಡಿಸುತ್ತಾ ತೆಗೆಯಿರಿ.

ತೆಗೆದವನ್ನು ಸಿಲಿಂಡರ್ ನಂಬರ್ ಪ್ರಕಾರ ಸಾಲಾಗಿ ಇಡಿ. ನನಗೆ ತುಂಬಾ ಇಷ್ಟವಾದ ಭಾಗ ಇದು. ತಿಳಿಕಂದು ಅಥವಾ ಬೂದು ಬಣ್ಣವಿದ್ದರೆ ಆ ಸಿಲಿಂಡರ್ ಚೆನ್ನಾಗಿದೆ. ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿರಬಹುದು. ತುದಿ ಎಣ್ಣೆಯಿಂದ ಒದ್ದೆಯಾಗಿದ್ದರೆ ಆಯಿಲ್ ಒಳಗೆ ಬರುತ್ತಿದೆ. ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ವಿಪರೀತ ಬಿಸಿ. ಅವುಗಳಲ್ಲಿ ಒಂದು ಮಾತ್ರ ಬೇರೆ ಥರ ಇದ್ದರೆ ಫೋಟೋ ತೆಗೆದಿಟ್ಟುಕೊಳ್ಳಿ.

ಹೊಸ ಪ್ಲಗ್‌ನ ಗ್ಯಾಪ್ (ತುದಿಯಲ್ಲಿ ಕಿಡಿ ಹಾರುವ ಸಂದು) ಅಳೆದು ಮ್ಯಾನುಯಲ್ ಜೊತೆ ತಾಳೆ ನೋಡಿ. ಇರಿಡಿಯಂ ತುದಿ ತುಂಬಾ ಸೂಕ್ಷ್ಮ. ನಾಣ್ಯದ ಆಕಾರದ ಗೇಜ್ ತುರುಕಬೇಡಿ, ತಂತಿ ಗೇಜ್ ಸಾಕು.

ಹಾಕುವಾಗ ರ‍್ಯಾಚೆಟ್ ಪಕ್ಕಕ್ಕಿಡಿ. ಪ್ಲಗ್‌ನ ಮೇಲ್ತುದಿಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ, ಅದರಿಂದಲೇ ಕೂರಿಸಿ. ಮೊದಲು ಎಡಕ್ಕೆ ತಿರುಗಿಸಿ, ಥ್ರೆಡ್ ಕೂತದ್ದು ಕೈಗೆ ಗೊತ್ತಾದ ಮೇಲೆ ಬಲಕ್ಕೆ. ಓರೆಯಾದರೆ ರಬ್ಬರ್ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಅದಕ್ಕೇ ಈ ಉಪಾಯ. ಕೊನೆಯ ಬಿಗಿತಕ್ಕೆ ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ರೆಂಚ್) ಬೇಕೇ ಬೇಕು. ಅಲ್ಯೂಮಿನಿಯಂ ಹೆಡ್‌ನಲ್ಲಿ ವಾಷರ್ ಇರುವ 14 ಮಿ.ಮೀ. ಪ್ಲಗ್‌ಗೆ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್. ವಾಷರ್ ಇಲ್ಲದ ಇಳಿಜಾರು ಸೀಟಿನದಕ್ಕೆ ಅದಕ್ಕಿಂತ ಕಡಿಮೆ. ನಿಮ್ಮ ಮ್ಯಾನುಯಲ್ ಹೇಳಿದ್ದೇ ಅಂತಿಮ.

ಥ್ರೆಡ್‌ಗೆ ಆಂಟಿ-ಸೀಜ್ (ಅಂಟಿಕೊಳ್ಳದಂತೆ ಹಚ್ಚುವ ಪೇಸ್ಟ್) ಹಚ್ಚಬೇಕಾ ಅಂತಲೂ ಕೇಳಿದ್ದೀರಿ. ಬೇಡ. ಪ್ಲಗ್ ತಯಾರಿಸುವ ಎನ್‌ಜಿಕೆ ಕಂಪನಿಯೇ ತನ್ನ ಲೇಪನ ಇರುವ ಪ್ಲಗ್‌ಗಳಿಗೆ ಬೇಡ ಅನ್ನುತ್ತದೆ. ಜಾರುವ ಥ್ರೆಡ್‌ನಲ್ಲಿ ಅದೇ ಟಾರ್ಕ್‌ಗೆ ಪ್ಲಗ್ ಜಾಸ್ತಿ ಬಿಗಿಯಾಗುತ್ತದೆ. ಬೂಟ್ ಒಳಗೆ ಮಾತ್ರ ಸ್ವಲ್ಪ ಡೈಎಲೆಕ್ಟ್ರಿಕ್ (ಕರೆಂಟ್ ಹರಿಯದ) ಗ್ರೀಸ್ ಹಚ್ಚಿ.

ಎಲ್ಲ ಆದ ಮೇಲೂ ನಡುಕ ನಿಲ್ಲದಿದ್ದರೆ ಗಾಡಿಯ ತಪ್ಪಿನ ಕೋಡ್ ಓದುವ ಸ್ಕ್ಯಾನರ್ ಹಾಕಿ ನೋಡಿ. ಪಿ0303 ಬಂದರೆ ಮೂರನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್, ಅಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಪ್ರತಿ ಪ್ಲಗ್‌ಗೂ ಕಾಯಿಲ್ ಇದ್ದರೆ, ಮೂರನೆಯದರ ಕಾಯಿಲ್ ಐದನೆಯದಕ್ಕೆ, ಐದನೆಯದರದ್ದು ಮೂರನೆಯದಕ್ಕೆ ಹಾಕಿ. ಕೋಡ್ ಪಿ0305 ಆದರೆ ತಪ್ಪು ಕಾಯಿಲ್‌ನದ್ದು. ಮೂರರಲ್ಲೇ ಉಳಿದರೆ ಇಂಜೆಕ್ಟರ್ ಮತ್ತು ಕಂಪ್ರೆಷನ್ ನೋಡಿಸಿ. ಆಗ ಆ ಫೋಟೋಗಳನ್ನು ಮೆಕ್ಯಾನಿಕ್‌ಗೆ ತೋರಿಸಿ.